ಅವತ್ತು ವ್ಯಾನ್ ಸಿಡ್ ಮನೆ ಕಡೆ ತಿರುಗಲಿಲ್ಲ

ಪಿಂಕ್ ಫ್ಲಾಯ್ಡ್ ಕೇಳೋ ನಾಲ್ಕೈದು ಜನ ಒಂದು ಕಡೆ ಕೂತರೆ ಅರ್ಧ ಗಂಟೆಯೊಳಗೆ ಜಗಳ ಶುರುವಾಗೋದು ಖಾತ್ರಿ. ಈ ಬ್ಯಾಂಡಿನ ಅತ್ಯುತ್ತಮ ಆಲ್ಬಮ್ ಯಾವುದು? ಒಬ್ಬ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಅಂತಾನೆ. ಅದು ಟೀ ಶರ್ಟ್ ಮೇಲಿನ ಆಲ್ಬಮ್ ಅಂತ ಮೂಗು ಮುರಿಯೋಳು 'ವಿಶ್ ಯು ವರ್ ಹಿಯರ್' ಹಿಡ್ಕೊಂಡು ಕೂರ್ತಾಳೆ. 'ದಿ ವಾಲ್' ಪಕ್ಷದವರು ದಕ್ಷಿಣ ಆಫ್ರಿಕಾದ ಉದಾಹರಣೆ ತರ್ತಾರೆ. ಅದರ ಒಂದು ಹಾಡನ್ನ ಅಲ್ಲಿನ ಶಾಲಾ ಮಕ್ಕಳು ವರ್ಣಭೇದದ ಶಿಕ್ಷಣದ ವಿರುದ್ಧ ಹಾಡಿದ್ರು, 1980ರಲ್ಲಿ ಸರ್ಕಾರ ಅದನ್ನ ನಿಷೇಧಿಸಿತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ ಅನ್ನೋದು ಅವರ ವಾದ. ಕೊನೆಗೆ, ಅಷ್ಟೊತ್ತು ಸುಮ್ಮನಿದ್ದ ಒಬ್ಬ ತಲೆ ಎತ್ತಿ, 1967ರ ಮೊದಲ ಆಲ್ಬಮ್ 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್' ಮಾತ್ರ ನಿಜವಾದ ಪಿಂಕ್ ಫ್ಲಾಯ್ಡ್, ಮಿಕ್ಕಿದ್ದೆಲ್ಲ ಬೇರೆ ಯಾವುದೋ ಬ್ಯಾಂಡ್ ಅಂತ ಹೇಳಿ ಎಲ್ಲರ ಬಾಯಿ ಮುಚ್ಚಿಸೋಕೆ ನೋಡ್ತಾನೆ.

ಪ್ರೋಗ್ರೆಸ್ಸಿವ್ ರಾಕ್ ಅಂದರೆ ಮೂರು ನಿಮಿಷದ ಹಾಡಿನ ಚೌಕಟ್ಟು ಒಡೆದು ಇಡೀ ಆಲ್ಬಮ್ಮನ್ನೇ ಒಂದು ಕೃತಿಯಾಗಿ ಕಟ್ಟುವ ಸಂಗೀತ. ಹಾಗಾಗಿ ಇಲ್ಲಿ ಜಗಳ ಹಾಡುಗಳ ಮೇಲೆ ಅಲ್ಲ, ಆಲ್ಬಮ್‌ಗಳ ಮೇಲೆ.

ನಾನು ವರ್ಷಗಟ್ಟಲೆ 'ಅನಿಮಲ್ಸ್' ಪಕ್ಷ. 1977ರ ಆಲ್ಬಮ್ ಅದು. ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್'ನಿಂದ ಎಳೆ ಎತ್ತಿಕೊಂಡು, ಬಂಡವಾಳಶಾಹಿ ಸಮಾಜವನ್ನ ನಾಯಿ, ಹಂದಿ, ಕುರಿಗಳಾಗಿ ವಿಂಗಡಿಸಿ ತೋರಿಸಿದ ಆಲ್ಬಮ್. ರಾಜಕೀಯ ಓದಿಕೊಂಡವರು ಬೇರೆ ಯಾವುದನ್ನ ಆರಿಸೋಕೆ ಸಾಧ್ಯ ಅನ್ನೋ ಜಂಬ ನನಗಿತ್ತು. ಆದರೆ ಈ ಜಗಳದ ಯಾವ ಎಳೆ ಹಿಡಿದು ಎಳೆದರೂ ಅದು ಒಬ್ಬನೇ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೆ ಅಂತ ತಡವಾಗಿ ಗೊತ್ತಾಯ್ತು. ಅವನು ಇದ್ದದ್ದು ಮೊದಲ ಆಲ್ಬಮ್‌ನಲ್ಲಿ ಪೂರ್ತಿ, ಎರಡನೆಯದರಲ್ಲಿ ಸ್ವಲ್ಪ. ನಾವು ಕೂಗಾಡೋ ಮಿಕ್ಕ ನಾಲ್ಕರಲ್ಲಿ ಅವನ ದನಿಯೂ ಇಲ್ಲ, ಗಿಟಾರೂ ಇಲ್ಲ. ಆದರೆ ಅವನು ಹೋಗಿದ್ದ ರೀತಿ ಆ ಆಲ್ಬಮ್‌ಗಳನ್ನ ಬಿಟ್ಟು ಹೋಗಲೇ ಇಲ್ಲ. ಅವನ ಹೆಸರು ಸಿಡ್ ಬ್ಯಾರೆಟ್. 2006ರ ಜುಲೈ 7ರಂದು ತೀರಿಕೊಂಡ.

ಕೇಂಬ್ರಿಡ್ಜ್‌ನ ಹುಡುಗ

ನಿಜವಾದ ಹೆಸರು ರೋಜರ್ ಕೀತ್ ಬ್ಯಾರೆಟ್. ಹುಟ್ಟಿದ್ದು 1946ರ ಜನವರಿ 6ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಐದು ಮಕ್ಕಳಲ್ಲಿ ನಾಲ್ಕನೆಯವನಾಗಿ. ತಂದೆ ರೋಗಶಾಸ್ತ್ರದ ವೈದ್ಯರು. ಮನೆಯಲ್ಲಿ ಪಿಯಾನೋ ಇತ್ತು, ಪುಸ್ತಕ ಇತ್ತು, ಬಣ್ಣ ಇತ್ತು. ಸಿಡ್ ಅನ್ನೋದು ಊರಿನ ಒಬ್ಬ ಜಾಝ್ ವಾದಕನ ಹೆಸರಿನಿಂದ ಅಂಟಿಕೊಂಡ ಅಡ್ಡಹೆಸರು. 1961ರ ಡಿಸೆಂಬರ್‌ನಲ್ಲಿ, ಅವನಿಗೆ 16 ತುಂಬೋಕೆ ಕೆಲವೇ ವಾರ ಇರುವಾಗ, ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು.

ಅದೇ ಊರಿನಲ್ಲಿ, ಅದೇ ಶಾಲೆಯಲ್ಲಿ ಇನ್ನೊಬ್ಬ ರೋಜರ್ ಇದ್ದ, ರೋಜರ್ ವಾಟರ್ಸ್. ಅವನ ತಂದೆ 1944ರಲ್ಲಿ ಇಟಲಿಯ ಆಂಝಿಯೋ ಯುದ್ಧದಲ್ಲಿ ಸತ್ತಾಗ ಅವನಿನ್ನೂ ಹಸುಗೂಸು. ತಂದೆ ಇಲ್ಲದ ಇಬ್ಬರು ಹುಡುಗರು. ಒಬ್ಬ ಮುಂದೆ ಆ ನೋವನ್ನ ಜೀವಮಾನವಿಡೀ ಹಾಡಿದ. ಇನ್ನೊಬ್ಬ ಅದರ ಬಗ್ಗೆ ಹಾಡು ಬರೆಯಲೇ ಇಲ್ಲ. ಕೇಂಬ್ರಿಡ್ಜ್‌ನ ಕಾಲೇಜಿನಲ್ಲಿ ಸಿಡ್‌ಗೆ ಡೇವಿಡ್ ಗಿಲ್ಮೋರ್ ಅನ್ನೋ ಮತ್ತೊಬ್ಬ ಗೆಳೆಯ ಸಿಕ್ಕ. ಇಬ್ಬರೂ ಒಟ್ಟಿಗೆ ಗಿಟಾರ್ ಕಲಿತರು. 1965ರ ಬೇಸಿಗೆಯಲ್ಲಿ ಫ್ರಾನ್ಸ್‌ನ ದಕ್ಷಿಣಕ್ಕೆ ಹೋಗಿ ಬೀದಿಯಲ್ಲಿ ನಿಂತು ಹಾಡಿ ಚಿಲ್ಲರೆ ಕೂಡಿಸಿದರು. ಈ ಗೆಳೆತನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1964ರಲ್ಲಿ ಸಿಡ್ ಚಿತ್ರಕಲೆ ಕಲಿಯೋಕೆ ಲಂಡನ್‌ನ ಕ್ಯಾಂಬರ್‌ವೆಲ್ ಕಲಾಶಾಲೆಗೆ ಸೇರಿದ. ಅಷ್ಟರಲ್ಲಿ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಮೂವರೂ ಅದೇ ಊರಿನಲ್ಲಿ ವಾಸ್ತುಶಿಲ್ಪ ಓದುತ್ತಾ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು. ಸಿಡ್ ಅದಕ್ಕೆ ಸೇರಿದ, ಹೆಸರನ್ನೂ ಕೊಟ್ಟ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅನ್ನೋ ಅಮೆರಿಕದ ಇಬ್ಬರು ಕಪ್ಪು ಬ್ಲೂಸ್ ಗಾಯಕರ ಹೆಸರುಗಳ ಮೊದಲರ್ಧ ಜೋಡಿಸಿದ ಹೆಸರು ಅದು. ಕೋಟಿಗಟ್ಟಲೆ ಬೆಲೆಬಾಳೋ ಬ್ರ್ಯಾಂಡ್ ಆಗಿರೋ ಈ ಹೆಸರಿನ ಹಿಂದೆ ಆ ಇಬ್ಬರು ಇದ್ದಾರೆ ಅನ್ನೋದು ಅಭಿಮಾನಿಗಳಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದೇ ವರ್ಷದ ಬೆಳಕು

1966ರ ಕೊನೆಗೆ ಲಂಡನ್‌ನ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿ ಯುಎಫ್ಒ ಅನ್ನೋ ಕ್ಲಬ್ ಶುರುವಾಯ್ತು. ಪರ್ಯಾಯ ಪತ್ರಿಕೆ ನಡೆಸೋರು, ಕವಿಗಳು, ಯುದ್ಧವಿರೋಧಿಗಳು, ಮಾದಕವಸ್ತುವಿನ ಪ್ರಯೋಗಕ್ಕಿಳಿದವರು ಎಲ್ಲ ಸೇರ್ತಿದ್ದ ಜಾಗ. ಪಿಂಕ್ ಫ್ಲಾಯ್ಡ್ ಅಲ್ಲಿನ ಮನೆಯ ಬ್ಯಾಂಡ್ ಇದ್ದ ಹಾಗೆ. ಮೈಮೇಲೆ ಬಣ್ಣದ ದ್ರವಗಳ ಬೆಳಕು ಹರಿಯುತ್ತಿದ್ದರೆ, ಸಿಡ್ ಲೈಟರನ್ನ ಗಿಟಾರ್ ತಂತಿಯ ಮೇಲೆ ಜಾರಿಸಿ, ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಅಲ್ಲಿಯವರೆಗೆ ಯಾರೂ ರಾಕ್ ಅಂತ ಕರೆಯದ ಶಬ್ದ ತೆಗೀತಿದ್ದ.

ಅವನ ಹಾಡುಗಳ ಇನ್ನೊಂದು ವಿಶೇಷ ಅಂದರೆ ಅವು ಇಂಗ್ಲೆಂಡಿನವು. ಆಗಿನ ಬ್ರಿಟಿಷ್ ಗಾಯಕರು ಬಹಳ ಜನ ಅಮೆರಿಕನ್ ಉಚ್ಚಾರಣೆ ಎರವಲು ತಂದು ಹಾಡೋರು. ಸಿಡ್ ತನ್ನೂರಿನ ನಾಲಿಗೆಯಲ್ಲೇ ಹಾಡಿದ. ಹೊಲದ ಬೆದರುಬೊಂಬೆ, ಬೆಕ್ಕು, ಸೈಕಲ್, ಅಮ್ಮ ಓದಿ ಹೇಳೋ ಕಥೆ, ಮಕ್ಕಳ ಪುಸ್ತಕದ ಕುಳ್ಳ, ಇವೇ ಅವನ ವಸ್ತು. 1967ರ ಮಾರ್ಚ್‌ನಲ್ಲಿ ಬಂದ ಮೊದಲ ಹಾಡು 'ಆರ್ನಲ್ಡ್ ಲೇನ್' ಒಣಹಾಕಿದ ಹೆಂಗಸರ ಬಟ್ಟೆ ಕದಿಯುವ ಒಬ್ಬನ ಕುರಿತದ್ದು. ರೇಡಿಯೋ ಲಂಡನ್ ಅದನ್ನ ಹಾಕೋಕೆ ಒಪ್ಪಲಿಲ್ಲ. ಜೂನ್‌ನಲ್ಲಿ ಬಂದ 'ಸೀ ಎಮಿಲಿ ಪ್ಲೇ' ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಆಗಸ್ಟ್‌ನಲ್ಲಿ 'ಪೈಪರ್' ಬಂತು. ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ರೆಕಾರ್ಡ್ ಮಾಡ್ತಿದ್ದಾಗಲೇ ಅದೇ ಅಬೀ ರೋಡ್ ಕಟ್ಟಡದಲ್ಲಿ ರೂಪುಗೊಂಡ ಆಲ್ಬಮ್ ಅದು. ಬ್ರಿಟಿಷ್ ಆವೃತ್ತಿಯ 11 ಹಾಡುಗಳಲ್ಲಿ 8 ಸಿಡ್ ಒಬ್ಬನೇ ಬರೆದದ್ದು. ಅವನಿಗಾಗ 21 ವರ್ಷ.

'ಪೈಪರ್' ಪಕ್ಷದವನ ವಾದದಲ್ಲಿ ಹುರುಳಿದೆ. ಹೆಚ್ಚುಕಡಿಮೆ ಹತ್ತು ನಿಮಿಷದ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಇಲ್ಲದೆ ಮುಂದಿನ ಉದ್ದುದ್ದ ರಚನೆಗಳನ್ನ ಊಹಿಸೋದು ಕಷ್ಟ. ಮೂರು ನಿಮಿಷದ ಬಾಗಿಲು ಒಡೆದವನು ಸಿಡ್.

ಜನವರಿ 26, 1968

ಆ ವರ್ಷದ ಎರಡನೇ ಅರ್ಧ ಬೇರೆಯದೇ ಕಥೆ. ಸಿಡ್ ಎಲ್‌ಎಸ್‌ಡಿ ಬಹಳ ತಗೊಳ್ತಿದ್ದ. ಜೊತೆಗೆ ರಾತ್ರಿಯಿಡೀ ಪ್ರಯಾಣ, ದಿನಕ್ಕೊಂದು ಊರು, ಮುಂದಿನ ಹಿಟ್ ಯಾವಾಗ ಅನ್ನೋ ಒತ್ತಡ. ಬೀದಿಯಲ್ಲಿ ಹಾಡೋ ಸುಖವೂ ಇಲ್ಲ, ಚಿತ್ರ ಬಿಡಿಸೋ ಬಿಡುವೂ ಇಲ್ಲ. ವೇದಿಕೆ ಮೇಲೆ ಕೆಲವೊಮ್ಮೆ ಇಡೀ ಹೊತ್ತು ಒಂದೇ ಸ್ವರ ಮೀಟುತ್ತಾ ನಿಲ್ತಿದ್ದ, ಕೆಲವೊಮ್ಮೆ ಅದೂ ಇಲ್ಲ. ಅಮೆರಿಕ ಪ್ರವಾಸವನ್ನ ಮೊಟಕುಗೊಳಿಸಿ ವಾಪಸ್ ಬರಬೇಕಾಯ್ತು. ಜಿಮಿ ಹೆಂಡ್ರಿಕ್ಸ್ ಜೊತೆಗಿನ ಪ್ರವಾಸದಲ್ಲಿ ಅವನು ಬಾರದಿದ್ದಾಗ ಇನ್ನೊಂದು ಬ್ಯಾಂಡಿನ ಗಿಟಾರ್ ವಾದಕನನ್ನ ನಿಲ್ಲಿಸಿದ್ದೂ ಉಂಟು.

ಆಗ ಬ್ಯಾಂಡ್ ಡೇವಿಡ್ ಗಿಲ್ಮೋರ್‌ನ ಕರೆಸಿತು. ಹೌದು, ಫ್ರಾನ್ಸ್‌ನ ಬೀದಿಯಲ್ಲಿ ಜೊತೆ ಹಾಡಿದ ಅದೇ ಗೆಳೆಯ. ಸಿಡ್ ಮನೆಯಲ್ಲಿದ್ದು ಹಾಡು ಬರೆದುಕೊಡಲಿ, ವೇದಿಕೆಯನ್ನ ಗಿಲ್ಮೋರ್ ನೋಡಿಕೊಳ್ಳಲಿ ಅನ್ನೋದು ಒಂದು ಯೋಚನೆ. ಐದು ಜನರ ಪಿಂಕ್ ಫ್ಲಾಯ್ಡ್ ನಾಲ್ಕೈದು ಪ್ರದರ್ಶನ ಕೊಟ್ಟಿತು, ಅಷ್ಟೇ. 1968ರ ಜನವರಿ 26ರಂದು ಸೌತಾಂಪ್ಟನ್‌ಗೆ ಹೊರಟಾಗ, ಸಿಡ್‌ನ ಹತ್ತಿಸಿಕೊಳ್ಳೋಣವಾ ಅಂತ ಒಬ್ಬ ಕೇಳಿದ. ಬೇಡ ಬಿಡು ಅಂತ ಇನ್ನೊಬ್ಬ ಹೇಳಿದ. ವ್ಯಾನ್ ಆ ಕಡೆ ತಿರುಗಲಿಲ್ಲ.

ಸಭೆ ಇಲ್ಲ, ಚರ್ಚೆ ಇಲ್ಲ, ಅವನಿಗೆ ಒಂದು ಮಾತೂ ಇಲ್ಲ. ಆಗ ರೈಟ್ ಮತ್ತು ಸಿಡ್ ಒಂದೇ ಮನೆಯಲ್ಲಿದ್ದರು. ಸಿಗರೇಟು ತರೋಕೆ ಹೋಗ್ತೀನಿ ಅಂತ ಸುಳ್ಳು ಹೇಳಿ ಹೊರಬಿದ್ದು, ಎಲ್ಲೋ ಹೋಗಿ ನುಡಿಸಿ, ಮಾರನೇ ದಿನ ಮನೆಗೆ ಬರ್ತಿದ್ದುದನ್ನ ರೈಟ್ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾನೆ. ಏಪ್ರಿಲ್‌ನಲ್ಲಿ ಅಧಿಕೃತ ಪ್ರಕಟಣೆ ಬಂತು. ಮ್ಯಾನೇಜರ್‌ಗಳಾದ ಪೀಟರ್ ಜೆನ್ನರ್ ಮತ್ತು ಆಂಡ್ರೂ ಕಿಂಗ್ ಸಿಡ್ ಜೊತೆ ಹೋದರು. ಅವನಿಲ್ಲದ ಪಿಂಕ್ ಫ್ಲಾಯ್ಡ್‌ಗೆ ಭವಿಷ್ಯವಿಲ್ಲ ಅನ್ನೋದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪಾಯ್ತು.

ಆ ನಾಲ್ವರನ್ನ ಕಟಕಟೆಗೆ ನಿಲ್ಲಿಸೋಕೆ ನನಗೆ ಮನಸ್ಸಿಲ್ಲ. ಯಾರಿಗೂ 25 ತುಂಬಿರಲಿಲ್ಲ. ಕುಸೀತಿರೋ ಗೆಳೆಯನನ್ನ ಹೇಗೆ ಹಿಡೀಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಬ್ಯಾಂಡ್ ಕೂಡ ಕೆಲಸದ ಜಾಗವೇ ತಾನೇ? ಕೆಲಸ ನಿಲ್ಲಬಾರದು ಅಂತ, ಆಗದವನನ್ನ ಅಲ್ಲೇ ಬಿಟ್ಟು ಗಾಡಿ ಮುಂದಕ್ಕೆ ಹೋಯ್ತು. ಅದಾದ ಮೇಲೆ ಬಂದ ಆಲ್ಬಮ್‌ಗಳಲ್ಲಿ ಆ ಪಾಪಪ್ರಜ್ಞೆ ಕೂತಿದೆ.

ಅವನ ಎರಡು ಆಲ್ಬಮ್, ಅವರ ಆಲ್ಬಮ್‌ಗಳು

1970ರಲ್ಲಿ ಸಿಡ್ ಒಬ್ಬನೇ ಎರಡು ಆಲ್ಬಮ್ ತಂದ, ಜನವರಿಯಲ್ಲಿ 'ದಿ ಮ್ಯಾಡ್‌ಕ್ಯಾಪ್ ಲಾಫ್ಸ್', ನವೆಂಬರ್‌ನಲ್ಲಿ 'ಬ್ಯಾರೆಟ್'. ಮೊದಲನೆಯದನ್ನ ಮುಗಿಸೋಕೆ ಕೈಜೋಡಿಸಿದ್ದು ಗಿಲ್ಮೋರ್ ಮತ್ತು ವಾಟರ್ಸ್, ಎರಡನೆಯದಕ್ಕೆ ಗಿಲ್ಮೋರ್ ಮತ್ತು ರೈಟ್. ಬಿಟ್ಟುಹೋದವರೇ ತಿರುಗಿ ಬಂದು ಸ್ಟುಡಿಯೋದಲ್ಲಿ ಕೂತಿದ್ದರು. ಕೆಲವು ಹಾಡುಗಳಲ್ಲಿ ಸಿಡ್ ಮೊದಲು ಒಬ್ಬನೇ ಗಿಟಾರ್ ಹಿಡಿದು ಹಾಡಿಬಿಟ್ಟಿದ್ದ. ಆಮೇಲೆ 'ಸಾಫ್ಟ್ ಮೆಷೀನ್' ಬ್ಯಾಂಡಿನವರು ಎಲ್ಲಿ ನಿಲ್ತಾನೋ ಎಲ್ಲಿ ಓಡ್ತಾನೋ ಗೊತ್ತಾಗದ ಆ ತಾಳದ ಹಿಂದೆ ಓಡುತ್ತಾ ವಾದ್ಯ ಸೇರಿಸಿದರು. ಕೇಳೋಕೆ ಒರಟು. ಆದರೆ ಒಬ್ಬ ಮನುಷ್ಯ ಪಕ್ಕದಲ್ಲೇ ಕೂತು ಹಾಡ್ತಿದ್ದಾನೆ ಅನ್ನಿಸೋ ಹಾಡುಗಳು. ಆ ಜೂನ್‌ನಲ್ಲಿ ಲಂಡನ್‌ನ ಒಲಂಪಿಯಾದಲ್ಲಿ ವೇದಿಕೆ ಹತ್ತಿದವನು ನಾಲ್ಕು ಹಾಡು ಮುಗಿಸಿ ಇಳಿದು ಹೋದ. 1972ರಲ್ಲಿ ಕೇಂಬ್ರಿಡ್ಜ್‌ನಲ್ಲಿ 'ಸ್ಟಾರ್ಸ್' ಅನ್ನೋ ಬ್ಯಾಂಡ್, ಕೆಲವೇ ಪ್ರದರ್ಶನ. 1974ರಲ್ಲಿ ಕೊನೆಯ ಸಲ ಸ್ಟುಡಿಯೋ, ಅಲ್ಲಿಂದ ಒಂದು ಪೂರ್ತಿ ಹಾಡೂ ಹೊರಬರಲಿಲ್ಲ.

ಈ ಮಧ್ಯೆ 1973ರ ಮಾರ್ಚ್‌ನಲ್ಲಿ 'ಡಾರ್ಕ್ ಸೈಡ್' ಬಂತು. ಹಣ, ಸಮಯ, ಸಾವು, ಬುದ್ಧಿಭ್ರಮೆ ಅದರ ವಸ್ತು. ಆಲ್ಬಮ್ಮಿನ ಕೊನೆಗೆ ಬರೋ 'ಬ್ರೇನ್ ಡ್ಯಾಮೇಜ್' ಬರೆಯುವಾಗ ವಾಟರ್ಸ್ ಮನಸ್ಸಿನಲ್ಲಿದ್ದದ್ದು ಸಿಡ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ಆಲ್ಬಮ್ 1988ರ ಹೊತ್ತಿಗೆ 741 ವಾರ ಕಳೆದಿತ್ತು. ಒಬ್ಬನ ಕುಸಿತ ಜಗತ್ತಿನ ಅತಿ ಯಶಸ್ವಿ ಸರಕುಗಳಲ್ಲಿ ಒಂದರ ಭಾಗವಾಯ್ತು.

1975ರ ಜೂನ್ 5ರಂದು ಅಬೀ ರೋಡ್‌ನಲ್ಲಿ ಬ್ಯಾಂಡ್ 'ವಿಶ್ ಯು ವರ್ ಹಿಯರ್' ಕೆಲಸದಲ್ಲಿತ್ತು. ಅದರ ಎರಡೂ ತುದಿಯಲ್ಲಿರೋ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಒಟ್ಟು ಒಂಬತ್ತು ಭಾಗಗಳ, ಸುಮಾರು 26 ನಿಮಿಷದ ರಚನೆ, ಸಿಡ್‌ಗಾಗಿಯೇ ಬರೆದದ್ದು. ಅವತ್ತು ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡ ದಪ್ಪನೆಯ ಒಬ್ಬ ಮನುಷ್ಯ ಒಳಗೆ ಬಂದು ಕೂತ. ಯಾರೋ ಸ್ಟುಡಿಯೋ ಸಿಬ್ಬಂದಿ ಇರಬೇಕು ಅಂದುಕೊಂಡರು. ಅದು ಸಿಡ್ ಅಂತ ಗೊತ್ತಾಗೋಕೆ ಹೊತ್ತು ಹಿಡಿಯಿತು. ಗೊತ್ತಾದಾಗ ವಾಟರ್ಸ್ ಅತ್ತ. ಅವನಿಲ್ಲ ಅಂತ ಹಾಡು ಕಟ್ಟುತ್ತಿದ್ದ ಕೋಣೆಯೊಳಗೆ ಅವನೇ ಬಂದು ಕೂತಿದ್ದ, ಅವನನ್ನ ಕಂಡುಹಿಡಿಯೋಕೆ ಅವರ ಕೈಲಿ ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ಆ ಆಲ್ಬಮ್ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಸಂಗೀತ ಉದ್ಯಮ ಹುಡುಗರನ್ನ ಹೇಗೆ ಅರೆದು ನುಂಗುತ್ತೆ ಅಂತ ಹೇಳೋ ಎರಡು ಹಾಡುಗಳು ಅದರಲ್ಲಿವೆ. ಅದೇ ಉದ್ಯಮ ಅವನ್ನ ಲಕ್ಷಗಟ್ಟಲೆ ಮಾರಿತು.

ಇನ್ನು ನನ್ನ 'ಅನಿಮಲ್ಸ್'. ಇದರಲ್ಲಿ ಸಿಡ್‌ನ ನೆರಳಿಲ್ಲ, ನಾನು ಬಚಾವ್ ಅಂದುಕೊಂಡಿದ್ದೆ. ಆದರೆ ಆ ಆಲ್ಬಮ್ಮಿನ ಪ್ರವಾಸದಲ್ಲಿ, 1977ರಲ್ಲಿ, ಕೆನಡಾದ ಮಾಂಟ್ರಿಯಲ್‌ನ ಕ್ರೀಡಾಂಗಣದಲ್ಲಿ ಕೂಗಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ವಾಟರ್ಸ್ ವೇದಿಕೆಯಿಂದಲೇ ಉಗಿದ. ಕುರಿಗಳ ಬಗ್ಗೆ ಹಾಡ್ತಿದ್ದವನಿಗೆ ಎದುರಿದ್ದ ಜನ ಸಹಿಸೋಕಾಗಲಿಲ್ಲ. ಆ ಅಸಹ್ಯದಿಂದಲೇ 1979ರ 'ದಿ ವಾಲ್' ಹುಟ್ಟಿತು. ಅದರ ನಾಯಕ ಪಿಂಕ್ ಅರ್ಧ ವಾಟರ್ಸ್, ಅರ್ಧ ಸಿಡ್. 1982ರ ಸಿನಿಮಾದಲ್ಲಿ ಅವನು ಹುಬ್ಬು ಬೋಳಿಸಿಕೊಳ್ಳೋ ದೃಶ್ಯವೂ ಇದೆ.

ನನ್ನ ತಕರಾರು ಇರೋದು ಇಲ್ಲೇ. ಇನ್ನು ಸಾಕು, ಇದು ನನ್ನ ಕೈಲಾಗಲ್ಲ ಅನ್ನೋ ಸ್ಥಿತಿಗೆ ಸಿಡ್ 1967ರಲ್ಲಿ ತಲುಪಿದ, ವಾಟರ್ಸ್ 1977ರಲ್ಲಿ. ವಾಟರ್ಸ್ ಅದನ್ನ ಎರಡು ರೆಕಾರ್ಡ್‌ಗಳ ಆಲ್ಬಮ್ ಮಾಡಿ ಕೊಟ್ಟ, ನಾವು ಮಹಾನ್ ಕಲಾವಿದ ಅಂದೆವು. ಸಿಡ್ ಏನನ್ನೂ ಮಾಡಿಕೊಡದೆ ಎದ್ದು ಹೋದ, ನಾವು ಹುಚ್ಚ ಅಂದೆವು. ನಿರಾಕರಣೆ ಕೂಡ ಮಾರಾಟವಾಗೋ ಹಾಗಿದ್ದರೆ ಮಾತ್ರ ನಮಗೆ ಗೌರವ.

ಮನೆಗೆ ಹೋದ ರೋಜರ್

ಸಿಡ್ ಕೇಂಬ್ರಿಡ್ಜ್‌ಗೆ ವಾಪಸ್ ಹೋದ. 1982ರಲ್ಲಿ ಲಂಡನ್‌ನಿಂದ ಸುಮಾರು 80 ಕಿಲೋಮೀಟರ್ ನಡೆದೇ ಹೋದ ಅಂತ ಮನೆಯವರು ಹೇಳಿದ್ದಾರೆ. ಸಿಡ್ ಅನ್ನೋ ಹೆಸರು ಬಿಟ್ಟು ಮತ್ತೆ ರೋಜರ್ ಆದ. ತೋಟ ಮಾಡಿದ. ಅಂಗಡಿಗೆ ಸೈಕಲ್‌ನಲ್ಲಿ ಹೋದ. ದೊಡ್ಡ ಕ್ಯಾನ್ವಾಸ್ ಮೇಲೆ ಚಿತ್ರ ಬಿಡಿಸಿ, ಅದರ ಫೋಟೋ ತೆಗೆದಿಟ್ಟುಕೊಂಡು, ಚಿತ್ರವನ್ನ ಸುಟ್ಟುಹಾಕ್ತಿದ್ದ. ಅಂದರೆ ಅವನು ಕಲೆ ಬಿಟ್ಟಿರಲಿಲ್ಲ. ಅದನ್ನ ನಮಗೆ ಕೊಡೋದನ್ನ ಬಿಟ್ಟಿದ್ದ. 1991ರಲ್ಲಿ ತಾಯಿ ತೀರಿಕೊಂಡರು. ಹತ್ತಿರದಲ್ಲಿದ್ದ ತಂಗಿ ಅವನನ್ನ ನೋಡಿಕೊಂಡಳು.

ನಾವು ಅಭಿಮಾನಿಗಳು ಏನು ಮಾಡಿದೆವು? ಬಾಗಿಲು ತಟ್ಟಿದೆವು. ಪತ್ರಕರ್ತರು, ಫೋಟೋದವರು, ಆಟೋಗ್ರಾಫ್ ಕೇಳೋರು ದಶಕಗಳ ಕಾಲ ಆ ಮನೆ ಮುಂದೆ ಸುಳಿದಾಡಿದರು. ಚೀಲ ಹಿಡಿದು ನಡೀತಿದ್ದ ಬೋಳುತಲೆಯವನ ಫೋಟೋ ಕದ್ದು ತೆಗೆದು ಅಚ್ಚು ಹಾಕಿದರು. ಯಾವ ವೈದ್ಯರೂ ಬಹಿರಂಗವಾಗಿ ಹೇಳದ ಕಾಯಿಲೆಗಳ ಹೆಸರನ್ನ ಅವನಿಗೆ ಅಂಟಿಸಿದೆವು. ಹುಚ್ಚು ಮತ್ತು ಪ್ರತಿಭೆ ಅವಳಿಜವಳಿ ಅನ್ನೋ ಸವಕಲು ಕಥೆಗೆ ಅವನನ್ನ ಪೋಸ್ಟರ್ ಮಾಡಿದೆವು. ಆ ಕಥೆ ನಮಗೆ ಅನುಕೂಲ. ಹುಚ್ಚು ಹಣೆಬರಹ ಅಂದುಬಿಟ್ಟರೆ ಒತ್ತಡ ಹೇರಿದವರನ್ನ, ವ್ಯಾನ್ ಓಡಿಸಿದವರನ್ನ, ಟಿಕೆಟ್ ಕೊಂಡವರನ್ನ ಯಾರೂ ಏನೂ ಕೇಳೋ ಹಾಗಿಲ್ಲ.

ಒಂದು ಒಳ್ಳೆಯ ವಿಷಯವನ್ನೂ ಹೇಳಬೇಕು. ಸಿಡ್ ಬರೆದ ಹಾಡುಗಳ ರಾಯಲ್ಟಿ ಅವನಿಗೆ ಸರಿಯಾಗಿ ತಲುಪೋ ಹಾಗೆ ಗಿಲ್ಮೋರ್ ನೋಡಿಕೊಂಡ. 2001ರಲ್ಲಿ ಬಂದ 'ಎಕೋಸ್' ಸಂಕಲನದಲ್ಲಿ ಸಿಡ್‌ನ ಐದು ಹಾಡುಗಳಿವೆ, ಅವನು ಬ್ಯಾಂಡಿನಲ್ಲಿದ್ದ ಕಾಲಕ್ಕೆ ಹೋಲಿಸಿದರೆ ದೊಡ್ಡ ಪಾಲು. ಗೋಳಾಡೋದಕ್ಕಿಂತ ದುಡಿದವನ ಕೂಲಿ ಅವನ ಕೈಗೆ ಸೇರಿಸೋದು ಮೇಲು ಅನ್ನೋದು ನನ್ನ ನಂಬಿಕೆ.

2002ರಲ್ಲಿ ವಾಟರ್ಸ್ ಬೆಂಗಳೂರಿಗೂ ಬಂದು ಹಾಡಿದ. ಆ ಪ್ರವಾಸದ ಹಾಡುಗಳ ಪಟ್ಟಿಯಲ್ಲಿ 'ಶೈನ್ ಆನ್' ಇತ್ತು. ಇಲ್ಲಿ ಸಾವಿರಾರು ಜನ ಕಳೆದುಹೋದ ಗೆಳೆಯನಿಗಾಗಿ ಮರುಗುತ್ತಿದ್ದ ವರ್ಷ ಆ ಗೆಳೆಯ ಬದುಕೇ ಇದ್ದ, ಕೇಂಬ್ರಿಡ್ಜ್‌ನಲ್ಲಿ ತೋಟ ನೋಡಿಕೊಂಡಿದ್ದ. 2005ರ ಜುಲೈನಲ್ಲಿ ಲಂಡನ್‌ನ ಲೈವ್ 8 ವೇದಿಕೆಯಲ್ಲಿ ಮುನಿಸಿಕೊಂಡಿದ್ದ ನಾಲ್ವರೂ ಒಂದಾಗಿ, ಒಂದು ಹಾಡನ್ನ ಅವನಿಗೆ ಅರ್ಪಿಸಿದರು. ಒಂದು ವರ್ಷದ ಮೇಲೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅವನನ್ನ ಕರ್ಕೊಂಡು ಹೋಯ್ತು. ವಯಸ್ಸು 60. ಆ ನವೆಂಬರ್‌ನಲ್ಲಿ ಅವನ ಚಿತ್ರಗಳು, ಕೈಯಾರೆ ಮಾಡಿಕೊಂಡ ಪೀಠೋಪಕರಣಗಳು, ಸೈಕಲ್‌ಗಳು ಹರಾಜಾದವು. ಸುಮಾರು 1,20,000 ಪೌಂಡ್ ಬಂತು.

ಹೋರಾಟ, ಸಂಘಟನೆ, ಕ್ಯಾಂಪೇನು ಅಂತ ಓಡಾಡೋ ನಮ್ಮಂಥವರಿಗೆ ಈ ಕಥೆ ಅಷ್ಟೇನೂ ದೂರದ್ದಲ್ಲ. ನಿನ್ನೆವರೆಗೂ ಮುಂದೆ ನಿಂತು ಘೋಷಣೆ ಕೂಗಿದವಳು ಇದ್ದಕ್ಕಿದ್ದಂತೆ ಸಭೆಗೆ ಬರೋದು ನಿಲ್ಲಿಸ್ತಾಳೆ, ಫೋನ್ ಎತ್ತಲ್ಲ. ನಾವು ಒಂದೆರಡು ಸಲ ಕೇಳಿ, ಆಮೇಲೆ ಅವಳನ್ನ ವಾಟ್ಸಾಪ್ ಗುಂಪಿನಿಂದ ತೆಗೆದು ಮುಂದಕ್ಕೆ ಹೋಗ್ತೀವಿ. ವರ್ಷಗಳಾದ ಮೇಲೆ ಅವಳ ಬಗ್ಗೆ ಚಂದದ ಪೋಸ್ಟ್ ಬರೀತೀವಿ. ಇವೆರಡರ ನಡುವೆ ಅವಳ ಮನೆಗೆ ಹೋಗಿ ಸುಮ್ಮನೆ ಕೂತು ಒಂದು ಟೀ ಕುಡಿದವರು ಎಷ್ಟು ಜನ? ನಾನಂತೂ ಹೋಗಿಲ್ಲ.

ಹಾಗಾದರೆ ಯಾವ ಆಲ್ಬಮ್ ಬೆಸ್ಟ್? ನಾನು ಪಕ್ಷಾಂತರ ಮಾಡಿದ್ದೀನಿ. 'ಅನಿಮಲ್ಸ್' ಬೇರೆಯವರ ತಪ್ಪನ್ನ ಚೆನ್ನಾಗಿ ತೋರಿಸುತ್ತೆ. 'ವಿಶ್ ಯು ವರ್ ಹಿಯರ್' ತಮ್ಮದೇ ತಪ್ಪಿನ ಎದುರು ಕೂತವರ ಆಲ್ಬಮ್. ನನ್ನ ವೋಟು ಈಗ ಅದಕ್ಕೆ. ಆದರೆ ಅದನ್ನ ಕೇಳಿ ಮುಗಿಸಿದ ಮೇಲೆ 'ಪೈಪರ್' ಹಾಕ್ತೀನಿ. ಅದರ ಕೊನೆಯ ಹಾಡು ಒಂದು ಸೈಕಲ್ ಬಗ್ಗೆ. ಹಾಡಿದವನು ಆಗಿನ್ನೂ ಯಾರ ಪಾಲಿಗೂ ದುರಂತ ಆಗಿರಲಿಲ್ಲ, 21 ವರ್ಷದ ಒಬ್ಬ ತಮಾಷೆಯ ಹುಡುಗ ಅಷ್ಟೇ.